ಹತ್ತಿ ನಡೆದ ದಾರಿ

ಅಂಕೋಲೆಯ ಸುತ್ತ ಹತ್ತಿ ಬೆಳೆಯುವುದಿಲ್ಲ. ಪೇಟೆಗೆ ತಾಗಿಕೊಂಡಿರುವ ಬೊಬ್ರುವಾಡದಿಂದ ಬೇಲೆಕೇರಿಯವರೆಗೆ ನಡೆದು ಹೋದರೂ ಕಣ್ಣಿಗೆ ಬೀಳುವುದು ಗದ್ದೆ, ತೆಂಗು, ಗೇರು, ಹಂಗಾಮಿನಲ್ಲಿ ಇಶಾಡು ಮಾವು, ಅದರಾಚೆ ಸಮುದ್ರ. ಹತ್ತಿಗೆ ಬೇಕಾದ ಎರೆಮಣ್ಣು ಅರಬೈಲ್ ಘಟ್ಟ ಏರಿ, ಯಲ್ಲಾಪುರದ ಕಾಡು ದಾಟಿದ ಮೇಲೆ ಸಿಗುವಂಥದ್ದು. ಆದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೆರೆ ಎಳೆದದ್ದು ಹತ್ತಿಯೇ. ಮದ್ರಾಸ್ ಪ್ರಾಂತ್ಯದ ಕೆನರಾ ಎರಡು ಹೋಳಾದ ಮೇಲೆ 1862ರಲ್ಲಿ ಉತ್ತರದ ಹೋಳು ಮುಂಬಯಿ ಪ್ರಾಂತ್ಯ ಸೇರಿದ್ದು, ಹೊನ್ನಾವರದಲ್ಲಿದ್ದ ಜಿಲ್ಲಾ ಕಚೇರಿ ಕಾರವಾರಕ್ಕೆ ಬಂದದ್ದು, ಘಟ್ಟ ಇಳಿಯುವ ಗಾಡಿರಸ್ತೆಗಳಿಗೆ ಸರ್ಕಾರ ದುಡ್ಡು ಸುರಿದದ್ದು, ಇವೆಲ್ಲ ಧಾರವಾಡದ ಅರಳೆಯನ್ನು ಹಡಗಿಗೆ ಏರಿಸುವ ಅವಸರದಲ್ಲಿ ನಡೆದವು. ಆ ಅವಸರಕ್ಕೆ ಕಾರಣ ಏಳು ಸಮುದ್ರದಾಚೆ, ಅಮೆರಿಕದಲ್ಲಿತ್ತು.

ನನಗೆ ಈ ಕಥೆ ಹತ್ತಿದ್ದು ಎರಡು ಹಳೆಯ ಫೋಟೋ ಪುಸ್ತಕಗಳಿಂದ. ಎರಡೂ 1866ರವು. ಒಂದು ವಾಷಿಂಗ್ಟನ್ನಿನಲ್ಲಿ ಹೊರಬಂತು. ಸ್ಕಾಟ್ಲೆಂಡಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದ ಅಲೆಕ್ಸಾಂಡರ್ ಗಾರ್ಡ್ನರ್ ಅಲ್ಲಿನ ಅಂತರ್ಯುದ್ಧದ 100 ಚಿತ್ರಗಳನ್ನು ಎರಡು ಸಂಪುಟಗಳಲ್ಲಿ ಅಂಟಿಸಿ ಪ್ರಕಟಿಸಿದ ಪುಸ್ತಕ ಅದು. ಇಂದು ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ಫೋಟೋಗ್ರಫಿಯ ವಿಭಾಗ ಅದರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ಇನ್ನೊಂದು ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ್ದು: ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಪುಸ್ತಕ. ಗದಗ, ಲಕ್ಕುಂಡಿ, ಡಂಬಳ, ಹಾವೇರಿ, ಹಳೇಬೀಡುಗಳ ಗುಡಿಗಳು, ಕಂಬಗಳು, ಬಾಗಿಲವಾಡಗಳು ಅದರಲ್ಲಿವೆ. ಒಂದರಲ್ಲಿ ಹೆಣ, ಸುಟ್ಟ ಊರು, ಮುರಿದ ಸೇತುವೆ; ಇನ್ನೊಂದರಲ್ಲಿ ಕಲ್ಲಿನ ಹೂಬಳ್ಳಿ. ಗ್ರಂಥಾಲಯದಲ್ಲಿ ಇವುಗಳನ್ನು ಅಕ್ಕಪಕ್ಕ ಇಡಲು ಯಾರಿಗೂ ತೋಚಲಿಕ್ಕಿಲ್ಲ. ಆದರೆ ಎರಡನ್ನೂ ಕಟ್ಟಿದ ದಾರ ಒಂದೇ. ಆ ದಾರ ನಮ್ಮ ಊರಿನ ಮೇಲೆ ಹಾದು ಹೋಗಿದೆ.

ಇದು ಯುದ್ಧಕ್ಕಿಂತ ಇಪ್ಪತ್ತು ವರ್ಷ ಹಿಂದಿನಿಂದ ಹೇಳಬೇಕಾದ ಮಾತು. ಲಂಕಾಶೈರಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಅದನ್ನು ಬಿತ್ತುತ್ತಿದ್ದವರು, ಬಿಡಿಸುತ್ತಿದ್ದವರು ಆಫ್ರಿಕದಿಂದ ತಂದು ಮಾರಿದ ಜನ ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಒಂದೇ ದೇಶವನ್ನು ನಂಬಿ ಕೂತರೆ ಕಷ್ಟ ಎಂದು ಇಂಗ್ಲೆಂಡಿಗೆ ಮೊದಲೇ ಭಯವಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೇಸಾಯಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆತಂದಿತು. ಅವರು ಬೀಜ ತಂದರು, ಕಾಳು ಬಿಡಿಸುವ ಗರಗಸದ ಹಲ್ಲಿನ ಜಿನ್ನು ತಂದರು. ಹೆಚ್ಚಿನ ಕಡೆ ಅವರ ಬೆಳೆ ಸೋತಿತು. ಗೆದ್ದದ್ದು ಧಾರವಾಡ ಸೀಮೆಯಲ್ಲಿ. ಹುಬ್ಬಳ್ಳಿಯ ಬಳಿ ಕುಸುಗಲ್ಲಿನಲ್ಲಿ ಮರ್ಸರ್ ಎಂಬ ಅಮೆರಿಕನ್ನನ ಕೈಯಲ್ಲಿ ಪ್ರಯೋಗದ ಹೊಲ ನಡೆಯಿತು. ಮುಂಗಾರು ಹಿಂಗಾರು ಎರಡೂ ತಾಕುವ ಆ ನೆಲ ನ್ಯೂ ಆರ್ಲಿಯನ್ಸಿನ ಬೀಜಕ್ಕೆ ಒಗ್ಗಿತು. 1861ರ ಹೊತ್ತಿಗೆ ಜಿಲ್ಲೆಯಲ್ಲಿ ಈ ವಿಲಾಯತಿ ಹತ್ತಿಯ ಹೊಲ ಲಕ್ಷ ಎಕರೆ ದಾಟಿತ್ತು. ಪೇಟೆಯಲ್ಲಿ ಅದರ ಹೆಸರು 'ಧಾರವಾಡ-ಅಮೆರಿಕನ್'. ಜವಾರಿ ಹತ್ತಿಗೆ ಅದು ಹಡಗೇರುವ ಬಂದರಿನ ಹೆಸರೇ ಬಿದ್ದಿತ್ತು, 'ಕುಮಟಾ' ಎಂದು. ಲಿವರ್‌ಪೂಲಿನ ದರಪಟ್ಟಿಯಲ್ಲಿ ನಮ್ಮ ಕುಮಟೆ ಒಂದು ಹತ್ತಿಯ ಜಾತಿ!

ಎರಡು ಹತ್ತಿಗಳ ವ್ಯತ್ಯಾಸ ಕೈಗೆ ಗೊತ್ತಾಗುವಂಥದ್ದು. ಜವಾರಿ ಹತ್ತಿಯನ್ನು ಹೆಂಗಸರು ಕಲ್ಲಿನ ಮೇಲಿಟ್ಟು, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಅಮೆರಿಕದ ಬೀಜಕ್ಕೆ ಅರಳೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ; ಕಾಲಿನ ಸಲಾಕೆಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ 1793ರಲ್ಲಿ ಎಲಿ ವಿಟ್ನಿ ರೂಪಿಸಿದ ಮಾದರಿಯ ಗರಗಸದ ಜಿನ್ನು ಬೀಜದ ಬೆನ್ನಿಗೇ ಬರಬೇಕಾಯಿತು. ಧಾರವಾಡದಲ್ಲಿ ಸರ್ಕಾರ ಜಿನ್ನಿನ ಕಾರ್ಖಾನೆಯನ್ನೇ ತೆರೆಯಿತು. ಜಾರ್ಜಿಯಾದ ಗುಲಾಮರ ಬೆನ್ನು ಬಗ್ಗಿಸಿದ ಯಂತ್ರವನ್ನು ನಮ್ಮ ಬಡಿಗ ಕಮ್ಮಾರರು ಅರಿತು ರಿಪೇರಿ ಮಾಡಿದರು.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿಕೊಂಡಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲಿವರ್‌ಪೂಲಿನಲ್ಲಿ ಹತ್ತಿಯ ದರ ಮೂರು ವರ್ಷದಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಮ್ಯಾಂಚೆಸ್ಟರಿನವರು ನಕ್ಷೆ ಹಾಸಿಕೊಂಡು ಧಾರವಾಡಕ್ಕೆ ಹತ್ತಿರದ ಒಳ್ಳೆಯ ಬಂದರು ಯಾವುದೆಂದು ಹುಡುಕಿದರು. ಕುಮಟೆಯಲ್ಲಿ ಹಡಗಿಗೆ ಮರೆಯಿಲ್ಲ, ಮಳೆಗಾಲದಲ್ಲಿ ವಹಿವಾಟು ನಿಲ್ಲುತ್ತದೆ. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುವಷ್ಟರಲ್ಲಿ ಹತ್ತಿಗೆ ಕಾಳು, ಮಣ್ಣು, ನೀರು ಎಲ್ಲ ಬೆರೆತಿರುತ್ತಿತ್ತು. ಹತ್ತಿಯ ಕಲಬೆರಕೆ ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆ ತಂದಿತು. ಕಾರವಾರದ ಕೊಲ್ಲಿಯಾದರೋ ಗುಡ್ಡ, ದ್ವೀಪಗಳ ಮರೆಯಲ್ಲಿ ತಣ್ಣಗಿದೆ. 1638ರಲ್ಲಿ ಕೋರ್ಟೀನ್ ಎಂಬವನ ಇಂಗ್ಲಿಷ್ ವ್ಯಾಪಾರಿಗಳು ಕಾಳಿ ನದಿಯ ದಂಡೆಗೆ ಬಂದು ಕೋಠಿ ಹಾಕಿದ್ದೂ ಮೆಣಸು ಮತ್ತು ಘಟ್ಟದ ಮೇಲಿನ ತೆಳು ಮಲಮಲಿಗಾಗಿ. ಹಳೆಯ ಕಾರವಾರ ಇದ್ದದ್ದು ನದಿಯ ಒಳಬದಿಗೆ, ಕಡವಾಡದ ಕಡೆ. ಈಗಿನ ಪಟ್ಟಣ ಬಾಡ, ಕೋಣೆ, ಕಾಜುಬಾಗಗಳ ಮರಳಿನ ಮೇಲೆ ಎದ್ದದ್ದು ಈ ಹತ್ತಿಯ ಆಸೆಯಿಂದ.

ಆ ಆಸೆಯ ಮೊದಲ ಅಧ್ಯಾಯ ನೋವಿನದು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ತನ್ನ ಕಾರ್ಯದರ್ಶಿ ಹೇವುಡ್‌ನನ್ನು ಮರುವರ್ಷ ಸದಾಶಿವಗಡಕ್ಕೆ ಕಳಿಸಿತು. ಹತ್ತಿ ಒತ್ತುವ ಯಂತ್ರಗಳೂ ಸಮುದ್ರ ದಾಟಿ ಬಂದವು. ಬಂದು ನೋಡಿದರೆ ಘಟ್ಟದ ರಸ್ತೆ ಮುಗಿದಿಲ್ಲ, ಇಳಿಸಿಕೊಳ್ಳಲು ಧಕ್ಕೆಯಿಲ್ಲ. ಲಂಡನ್ನಿನ ಭಾರತ ಮಂತ್ರಿ ಚಾರ್ಲ್ಸ್ ವುಡ್‌ಗೂ ಮ್ಯಾಂಚೆಸ್ಟರಿಗೂ ಇದೇ ವಿಷಯಕ್ಕೆ ಜಗಳವಾಯಿತು. ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಸರ್ಕಾರ ಮಾತ್ರ ಕಾರವಾರವನ್ನು ಬಿಡಲಿಲ್ಲ. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಇವತ್ತೂ ಕಾರವಾರದ ತೀರದಲ್ಲಿ ಸಂಜೆ ನಿಂತವರಿಗೆ ಕಾಣುವ ಆ ದೀಪ ಹೊತ್ತಿಕೊಂಡ ವರ್ಷ ಅಮೆರಿಕದಲ್ಲಿ ಯುದ್ಧ ಇನ್ನೂ ನಡೆಯುತ್ತಿತ್ತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ದರ ಕುಸಿಯಿತು. ಮುಂಬಯಿಯಲ್ಲಿ ಹತ್ತಿಯ ಹಣದ ಮೇಲೆ ಎದ್ದಿದ್ದ ಷೇರು ಕಾಗದಗಳ ಗೋಪುರ ಜುಲೈ ಹೊತ್ತಿಗೆ ನೆಲಕ್ಕೆ ಬಿತ್ತು. ಹತ್ತಿಯ ಬೆಲೆ ನೋಡಿ ಜೋಳದ ಹೊಲಕ್ಕೂ ಹತ್ತಿ ಹಾಕಿದ ಬಯಲುಸೀಮೆಯ ರೈತನ ಮೇಲೆ ಸಾಲ ಉಳಿಯಿತು. ಹತ್ತು ವರ್ಷದ ಮೇಲೆ ಧಾತು-ಈಶ್ವರ ಸಂವತ್ಸರಗಳ ಬರ, 1876-78ರದ್ದು, ಅವನ ಮನೆಬಾಗಿಲಿಗೆ ಬಂದಾಗ ಕೈಯಲ್ಲಿ ಬೆಳ್ಳಿಯೂ ಇರಲಿಲ್ಲ, ಕಾಳೂ ಇರಲಿಲ್ಲ. ಕಾರವಾರಕ್ಕೆ ಬರುತ್ತದೆಂದು ಕಾದ ರೈಲು 1880ರ ದಶಕದಲ್ಲಿ ಪೋರ್ಚುಗೀಸರ ಮುರಗಾಂವಿಗೆ ಇಳಿಯಿತು. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಇವತ್ತಿಗೂ ಬೊಬ್ರುವಾಡದ ಚಹಾದಂಗಡಿಗಳಲ್ಲಿ ಮುಗಿಯದ ಮಾತು. ಅದರ ಬೇರು ಅಷ್ಟು ಹಳೆಯದು.

ಇನ್ನು ಪುಸ್ತಕಗಳ ಕಡೆ ಬರುತ್ತೇನೆ. ಅಮೆರಿಕದ ಯುದ್ಧದಿಂದ ಮುಂಬಯಿಗೆ ಹರಿದ ಹಣದಿಂದ ಹೆಚ್ಚು ಪ್ರಸಿದ್ಧನಾದವನು ಪ್ರೇಮಚಂದ ರಾಯಚಂದ, ಸೂರತ್ ಮೂಲದ ದಲ್ಲಾಳಿ. 1865ರಲ್ಲಿ ಅವನೂ ಮುಳುಗಿದ. ಮುಳುಗುವ ಮುಂಚೆ ಕೊಟ್ಟ ದಾನಗಳಲ್ಲಿ ಒಂದು ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವಾಯಿತು, ಅವನ ತಾಯಿಯ ಹೆಸರಿನದು. ಇನ್ನೊಂದನ್ನು ಜನ ಮರೆತಿದ್ದಾರೆ. ಪಶ್ಚಿಮ ಭಾರತದ ವಾಸ್ತು ಅವಶೇಷಗಳ ಸಮಿತಿ ಅಹಮದಾಬಾದು, ವಿಜಾಪುರ, ಧಾರವಾಡ-ಮೈಸೂರು ಎಂದು ಮೂರು ಫೋಟೋ ಸಂಪುಟಗಳನ್ನು ತರಲು ಹೊರಟಾಗ ಹಣ ನೀಡಿದವರು ಪ್ರೇಮಚಂದ ರಾಯಚಂದ ಮತ್ತು ಕರ್ಸನ್‌ದಾಸ ಮಾಧವದಾಸ. ಮೂರೂ ಅಚ್ಚಾಗಿ ಬಂದದ್ದು 1866ರಲ್ಲಿ, ಹಣ ಕೊಟ್ಟವರ ಪೇಟೆ ಬಿದ್ದು ಹೋದ ಮೇಲೆ. ಲಕ್ಕುಂಡಿಯ ಗುಡಿಯ ಚಿತ್ರ ಲಂಡನ್ನಿನ ಕಾಗದಕ್ಕೆ ಅಂಟಿದ್ದು ಹತ್ತಿಯ ಲಾಭದಿಂದ. ಆ ಲಾಭ ಬಂದದ್ದು ಅಮೆರಿಕದ ಗೆಟ್ಟಿಸ್‌ಬರ್ಗಿನಂಥ ರಣರಂಗಗಳಿಂದ.

ಚಿತ್ರಗಳು ಮಾತ್ರ ಹತ್ತು ವರ್ಷ ಹಳೆಯವು. 1855ರಲ್ಲಿ ಮುಂಬಯಿ ಸರ್ಕಾರ ತೋಪುಪಡೆಯ ಥಾಮಸ್ ಬಿಗ್ಸ್‌ನನ್ನು ಸರ್ಕಾರಿ ಫೋಟೋಗ್ರಾಫರ್ ಎಂದು ನೇಮಿಸಿ ವಿಜಾಪುರ, ಬಾದಾಮಿ, ಐಹೊಳೆ ಕಡೆ ಕಳಿಸಿತು. ವರ್ಷ ತುಂಬುವಷ್ಟರಲ್ಲಿ ಪಡೆ ಅವನನ್ನು ವಾಪಸು ಕರೆಯಿತು. ಆ ಕೆಲಸಕ್ಕೆ ಬಂದವನು ವೈದ್ಯ ವಿಲಿಯಂ ಹೆನ್ರಿ ಪಿಗು. ಮೈಸೂರು ಸೀಮೆಯಲ್ಲಿ ಇನ್ನೊಬ್ಬ ವೈದ್ಯ ನೀಲ್ ಹಳೇಬೀಡು ಬೇಲೂರುಗಳನ್ನು ತೆಗೆದಿದ್ದ. ಪಿಗು 1858ರಲ್ಲೇ ತೀರಿಕೊಂಡ. ಪುಸ್ತಕದ ಮುಖಪುಟದಲ್ಲಿ ಅವನ ಹೆಸರಿಗೆ 'ದಿವಂಗತ' ಎಂದು ಸೇರಿದೆ. ಇತಿಹಾಸದ ಟಿಪ್ಪಣಿ ಬರೆದವನು ಸುರಪುರದವರಿಗೆ ಚೆನ್ನಾಗಿ ಗೊತ್ತಿರುವ ಮೆಡೋಸ್ ಟೇಲರ್. ಶಿಲ್ಪದ ಮಾತು ಜೇಮ್ಸ್ ಫರ್ಗುಸನ್ನನದು.

ಬಿಗ್ಸ್, ಪಿಗು ಕೆಲಸ ಮಾಡಿದ್ದು ಕಾಗದದ ನೆಗೆಟಿವ್‌ನಲ್ಲಿ. ಬೆಳ್ಳಿಯ ಲವಣ ಹೀರಿಸಿದ ಹಾಳೆಯನ್ನು ಕ್ಯಾಮೆರಾದೊಳಗಿಟ್ಟು, ಉರಿಬಿಸಿಲಿನಲ್ಲಿ ನಿಮಿಷಗಟ್ಟಲೆ ಬೆಳಕು ಬಿಡಬೇಕು. ಕಲ್ಲು ನಿಲ್ಲುತ್ತದೆ. ಅಂಗಳದಲ್ಲಿ ಓಡಾಡುವ ಮಗು, ನೀರು ಹೊತ್ತ ಹೆಂಗಸು, ಗುಡಿಯ ನೆರಳಲ್ಲಿ ಬಾಲ ಆಡಿಸುವ ಎಮ್ಮೆ ನಿಲ್ಲುವುದಿಲ್ಲ. ಹಾಳೆಯ ಮೇಲೆ ಹೊಗೆಯಂತೆ ಕರಗುತ್ತಾರೆ. ಆ ಪುಸ್ತಕದ ಊರುಗಳು ಬಹುಮಟ್ಟಿಗೆ ನಿರ್ಜನ. ಧಾರವಾಡ ಸೀಮೆ ವಿಲಾಯತಿ ಹತ್ತಿಯಿಂದ ಗಿಜಿಗುಡುತ್ತಿದ್ದ ವರ್ಷಗಳವು. ಚಕ್ಕಡಿ, ಅಂಡಿಗೆ, ಹೇರೆತ್ತು ಹೊಡೆದುಕೊಂಡು ಹೋಗುವ ಲಂಬಾಣಿಗಳು ಗದಗಿನ ಗುಡಿಯ ಮಗ್ಗುಲಲ್ಲೇ ಹಾದಿರಬೇಕು. ಚಿತ್ರದಲ್ಲಿ ಒಂದು ಹತ್ತಿಯ ಎಳೆಯೂ ಇಲ್ಲ. ಸಾಯುತ್ತಿರುವ ನಾಡು, ಉಳಿದ ಅವಶೇಷ ಎಂಬ ಭಾವನೆ ಇಂಥ ಚಿತ್ರಗಳಿಂದಲೇ ಹೊರಗಿನವರ ತಲೆಯಲ್ಲಿ ಕೂತಿತೆಂದು ನನಗೆ ಅನಿಸುತ್ತದೆ. ತಂತ್ರದ ಒಂದು ಮಿತಿ ಇತಿಹಾಸದ ಅಭಿಪ್ರಾಯವಾಗಿ ಬೆಳೆಯಿತು.

ಗಾರ್ಡ್ನರ್ ಮತ್ತು ಅವನ ಸಂಗಡಿಗರು ಬಳಸಿದ್ದು ಗಾಜಿನ ಫಲಕ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಹೊರತಂದ ಆ ವಿಧಾನದಲ್ಲಿ ಗಾಜಿಗೆ ಬಳಿಯುವ ಅಂಟು ದ್ರವದ ಹೆಸರು ಕೊಲೋಡಿಯನ್. ಅದು ಏನೆಂದು ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಅದು ಹತ್ತಿ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿದರೆ ಸಿಡಿಹತ್ತಿಯಾಗುತ್ತದೆ, ಮದ್ದಿನಂತೆ ಸ್ಫೋಟಿಸುತ್ತದೆ. ಅದನ್ನೇ ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೊಲೋಡಿಯನ್. ಗಾಜು ಒಣಗುವ ಮೊದಲು, ಹತ್ತು ಹದಿನೈದು ನಿಮಿಷದೊಳಗೆ, ಚಿತ್ರ ತೆಗೆದು ತೊಳೆದು ಮುಗಿಸಬೇಕು. ಅದಕ್ಕೇ ಕತ್ತಲೆಕೋಣೆಯನ್ನು ಕುದುರೆಗಾಡಿಯ ಮೇಲೆ ಕಟ್ಟಿಕೊಂಡು ರಣರಂಗಕ್ಕೆ ಹೋಗುತ್ತಿದ್ದರು. ಚಿತ್ರ ಮೂಡುವ ಕಾಗದಕ್ಕೆ ಮೊಟ್ಟೆಯ ಬಿಳಿ ಬಳಿಯುತ್ತಿದ್ದರು, ಕಾಗದವೋ ಹಳೆಯ ಬಟ್ಟೆಯ ಚಿಂದಿಯಿಂದ ಮಾಡಿದ್ದು. ಹತ್ತಿಯ ದುಡಿಮೆ ಯಾರದೆಂಬ ಪ್ರಶ್ನೆಗೆ ನಡೆದ ಯುದ್ಧವನ್ನು ನಾವು ಇವತ್ತು ನೋಡುವುದು ಕರಗಿದ ಹತ್ತಿಯ ತೆಳುಪೊರೆಯ ಮೂಲಕ.

ಗಾರ್ಡ್ನರನ ಪುಸ್ತಕದಲ್ಲಿ ಹೆಚ್ಚು ಹೆಸರಾದ ಚಿತ್ರ ತಿಮೊತಿ ಒ'ಸಲಿವನ್ 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗಿನ ಹೊಲದಲ್ಲಿ ತೆಗೆದದ್ದು. ಬೆಳಗಿನ ಮಂಜು, ಹುಲ್ಲಿನ ಮೇಲೆ ಊದಿಕೊಂಡ ಹೆಣಗಳು, ದೂರದಲ್ಲಿ ಕುದುರೆಯ ಮೇಲೊಬ್ಬ. ಅದಕ್ಕೆ ಇಟ್ಟ ಹೆಸರು 'ಸಾವಿನ ಸುಗ್ಗಿ'. ನಮ್ಮ ಕಡೆ ಸುಗ್ಗಿ ಎಂದರೆ ಹಾಲಕ್ಕಿಗಳ ತುರಾಯಿ, ಗುಮಟೆಯ ಸದ್ದು, ಮನೆಮನೆಯ ಅಂಗಳದ ಕುಣಿತ. ಆ ಪದವನ್ನು ಆ ಚಿತ್ರದ ಕೆಳಗೆ ಓದಿದಾಗ ಎದೆ ಹಿಂಡುತ್ತದೆ. ಅದೇ ಪುಸ್ತಕದ ಇನ್ನೊಂದು ಚಿತ್ರ, ಬಂಡೆಗಳ ಮರೆಯಲ್ಲಿ ಸತ್ತು ಬಿದ್ದ ಬಂದೂಕಿನವನದು, ಹೆಣವನ್ನು ಬೇರೆ ಕಡೆಯಿಂದ ಎಳೆದು ತಂದು ಜೋಡಿಸಿದ್ದೆಂದು ನೂರು ವರ್ಷದ ಮೇಲೆ ಸಂಶೋಧಕರು ತೋರಿಸಿದರು. ಸಂಗ್ರಹಾಲಯಗಳು ಅದನ್ನು ಮುಚ್ಚಿಡದೆ ಚಿತ್ರದ ಜೊತೆಗೇ ಹೇಳುತ್ತವೆ. ಅದು ಸರಿಯಾದ ನಡತೆ.

ಯುದ್ಧದ ಚಿತ್ರಗಳಲ್ಲಿ ಹತ್ತಿ ಬಿಡಿಸಿದವರು ಎಲ್ಲಿ ಎಂದು ಹುಡುಕಿದರೆ ಸಿಗುವುದು ಕಡಿಮೆ, ಸಿಕ್ಕದ್ದು ಮರೆಯುವಂಥದ್ದಲ್ಲ. 1862ರಲ್ಲಿ ಒ'ಸಲಿವನ್ ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್‌ನಲ್ಲಿ, ಸ್ಮಿತ್ ಎಂಬವನ ತೋಟದ ಗುಡಿಸಲ ಮುಂದೆ ಒಂದೇ ಕುಟುಂಬದ ಐದು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದ. ಮರುವರ್ಷ ಲೂಯಿಸಿಯಾನದ ಹತ್ತಿಯ ತೋಟದಿಂದ ತಪ್ಪಿಸಿಕೊಂಡು ಉತ್ತರದ ಸೇನೆಯ ಶಿಬಿರ ಸೇರಿದ ಗಾರ್ಡನ್ ಎಂಬುವನು ಅಂಗಿ ಕಳಚಿ ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಕೂತ. ಚಾಟಿಯ ಬಾಸುಂಡೆಗಳು ಮರದ ಬೇರಿನಂತೆ ಬೆನ್ನಿಡೀ ಹರಡಿವೆ. ಕಾರ್ಡಿನಷ್ಟು ಚಿಕ್ಕ ಆ ಚಿತ್ರ ಸಾವಿರಾರು ಕೈ ದಾಟಿ ಓಡಾಡಿತು, ಗುಲಾಮಗಿರಿ ಸೌಮ್ಯವಾದದ್ದೆಂಬ ಸುಳ್ಳನ್ನು ಕೊಂದಿತು. ಹಲವು ಭಾಷಣಗಳು ಮಾಡದ್ದನ್ನು ಅದು ಮಾಡಿತು.

ಚಿತ್ರ ತೆಗೆಯುವವನ ಕೈಯಲ್ಲಿ ಕ್ಯಾಮೆರಾ ಇತ್ತು. ಆ ಜನರ ಕೈಯಲ್ಲಿ ಏನಿತ್ತು? ಸೂಜಿ ಇತ್ತು. ಹ್ಯಾರಿಯೆಟ್ ಪವರ್ಸ್ 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಬಿಡುಗಡೆಯಾದ ಮೇಲೆ ಗಂಡನೊಡನೆ ಸಣ್ಣ ಹೊಲ ಮಾಡಿಕೊಂಡಿದ್ದಳು. ಅವಳು ಬೈಬಲ್ಲಿನ ಕಥೆಗಳನ್ನು ಹನ್ನೊಂದು ಚೌಕಗಳಲ್ಲಿ, ಬಟ್ಟೆಯ ತುಂಡು ಕತ್ತರಿಸಿ ಹಚ್ಚಿ, ಕೌದಿಯಾಗಿ ಹೊಲಿದಳು. 1886ರಲ್ಲಿ ಅಥೆನ್ಸ್ ಊರಿನ ಜಾತ್ರೆಯೊಂದರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಳು. ಆ ಜಾತ್ರೆಯ ಹೆಸರೇ ಹತ್ತಿಯ ಜಾತ್ರೆ. ಚಿತ್ರಕಲೆ ಕಲಿಸುತ್ತಿದ್ದ ಜೆನ್ನಿ ಸ್ಮಿತ್ ಅದನ್ನು ಕೊಳ್ಳಲು ಬಂದಾಗ ಪವರ್ಸ್ ಮಾರಲೊಪ್ಪಲಿಲ್ಲ. ಕೆಲವು ವರ್ಷದ ಮೇಲೆ ಮನೆಯಲ್ಲಿ ಕಷ್ಟ ಬಂದಾಗ ತಾನೇ ಹೊತ್ತು ತಂದು ಹತ್ತು ಡಾಲರ್ ಕೇಳಿ, ಐದಕ್ಕೆ ಕೊಟ್ಟಳು. ಆಮೇಲೂ ಹಲವು ಸಲ ಸ್ಮಿತ್‌ಳ ಮನೆಗೆ ಬಂದು ತನ್ನ ಕೌದಿಯನ್ನು ನೋಡಿಕೊಂಡು ಹೋದಳಂತೆ. ಆ ಐದು ಡಾಲರಿನ ಕೌದಿ ಇಂದು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಅವಳ ಇನ್ನೊಂದು ಕೌದಿ, ಹದಿನೈದು ಚೌಕದ್ದು, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಉಳಿದವೆಂದು ಗೊತ್ತಿರುವುದು ಈ ಎರಡೇ.

ಇಲ್ಲಿಂದ ಅರಬೈಲಿಗೆ ದೂರವಿಲ್ಲ. ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ರಸ್ತೆ ಹಿಡಿದು ಘಟ್ಟ ಏರಿದರೆ ಯಲ್ಲಾಪುರ, ಅದರಾಚೆ ಹಳಿಯಾಳ, ಮುಂಡಗೋಡ. ಆ ಕಾಡಿನ ಊರುಗಳಲ್ಲಿ, ಅಂಕೋಲೆ ತಾಲೂಕಿನ ಒಳಭಾಗದಲ್ಲೂ, ಸಿದ್ದಿಗಳ ಮನೆಗಳಿವೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಬಿಡುಗಡೆಯಾದವರು, ತಪ್ಪಿಸಿಕೊಂಡವರು ಈ ಕಾಡು ಸೇರಿದರು. ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರ ಕಾ‍ಯ್ದೆಯಿಂದ. ಪೋರ್ಚುಗೀಸ್ ನೆಲದಲ್ಲಿ ಅದು ಕಾನೂನಿನಂತೆ ರದ್ದಾದದ್ದು 1869ರಲ್ಲಿ, ಅಮೆರಿಕದಲ್ಲಿ ನಿಂತ ನಾಲ್ಕು ವರ್ಷದ ಮೇಲೆ. ಹತ್ತಿಯ ಅಂಡಿಗೆಗಳು ಈ ಘಟ್ಟ ಇಳಿಯುತ್ತಿದ್ದಾಗ ದಾರಿಯ ಎರಡೂ ಬದಿಯ ಕಾಡಿನಲ್ಲಿ, ಸಮುದ್ರದಾಚೆ ಆ ಹತ್ತಿಗಾಗಿಯೇ ಮಾರಾಟವಾದವರ ದೂರದ ಬಂಧುಗಳು ಬದುಕುತ್ತಿದ್ದರು. ಇದನ್ನು ಹೇಳುವಾಗ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.

ಸಿದ್ದಿ ಹೆಂಗಸರು ಕೌದಿ ಹೊಲಿಯುತ್ತಾರೆ. ಅವರ ಬಾಯಲ್ಲಿ ಅದು 'ಕವಂದಿ'. ಉತ್ತರ ಕರ್ನಾಟಕದ ಮನೆಮನೆಯ ಕೌದಿಯ ನೆಂಟ ಅದು, ಆದರೆ ಬಣ್ಣ ಜೋಡಿಸುವ ಧೈರ್ಯ ಅವರದೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ವರ್ಷಗಟ್ಟಲೆ ನೋಡಿದವರು. 2004ರಲ್ಲಿ ಸಿದ್ದಿ ಹೆಂಗಸರು ಕೌದಿಯ ಸಹಕಾರಿ ಗುಂಪು ಕಟ್ಟಿಕೊಂಡರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೊಂಬರ್ಗ್ ಕೇಂದ್ರದಲ್ಲಿ ಉತ್ತರ ಕನ್ನಡದ ಕೌದಿಗಳ ಪ್ರದರ್ಶನ ನಡೆಯಿತು. ಆಫ್ರಿಕನ್ ಮೂಲದ ಅಮೆರಿಕನ್ನರ ನೆನಪುಗಳನ್ನು ಕಾಯಲೆಂದೇ ಇರುವ ಮನೆ ಅದು. ಪವರ್ಸ್‌ಳಂಥವರ ಪೀಳಿಗೆಯ ಜನ ನಮ್ಮ ಕಾಡಿನ ಸೂಜಿಯ ಕೆಲಸವನ್ನು ಅಲ್ಲಿ ನಿಂತು ನೋಡಿದರು.

ಸಂಗ್ರಹಾಲಯಗಳಲ್ಲಿ ಫೋಟೋಗಳಿಗೆ ಒಂದು ಕೋಣೆ, ಬಟ್ಟೆ ಮತ್ತು ಅಲಂಕಾರದ ವಸ್ತುಗಳಿಗೆ ಇನ್ನೊಂದು, ಏಷ್ಯಾಕ್ಕೆ ಮತ್ತೊಂದು ಅಂತಸ್ತು. ಕಾಪಾಡುವ ಅನುಕೂಲಕ್ಕೆ ಅದು ಬೇಕು. ಬೆಳಕು, ತೇವ ಒಂದೊಂದಕ್ಕೂ ಬೇರೆ. ಆದರೆ ಗಾರ್ಡ್ನರನ ಪುಸ್ತಕ, ಲಕ್ಕುಂಡಿಯ ಚಿತ್ರ, ಪವರ್ಸ್‌ಳ ಕೌದಿ, ಯಲ್ಲಾಪುರದ ಕವಂದಿ, ಇವು ನಾಲ್ಕನ್ನು ಒಂದು ಸಲವಾದರೂ ಒಂದೇ ಕೋಣೆಯಲ್ಲಿ, ಮಧ್ಯೆ ಒಂದು ಹಿಡಿ ಧಾರವಾಡದ ಅರಳೆ ಇಟ್ಟು, ನೋಡಬೇಕೆಂದು ನನಗೆ ಬಹಳ ಆಸೆ. ಆ ಕೋಣೆ ಕಾರವಾರದಲ್ಲಿದ್ದರೆ ಇನ್ನೂ ಚೆನ್ನ.

ಸಿದ್ದಿ ಹೆಂಗಸರು ಕವಂದಿಯನ್ನು ಅಂಚಿನಿಂದ ಶುರು ಮಾಡುತ್ತಾರೆ. ಹಳೆಯ ಸೀರೆ ಹಾಸಿ, ಮಕ್ಕಳ ಅಂಗಿ, ಗಂಡನ ಲುಂಗಿ, ಸವೆದ ರವಿಕೆಗಳ ತುಂಡುಗಳನ್ನು ಒಂದು ಮೂಲೆಯಿಂದ ಹಿಡಿದು ಸುತ್ತ ಹೊಲಿಯುತ್ತ ಹೋಗುತ್ತಾರೆ. ಸುತ್ತು ಸುತ್ತಾಗಿ ಓಡುಹೊಲಿಗೆ ಒಳಕ್ಕೆ ಸರಿಯುತ್ತ ಬಂದು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ಬಟ್ಟೆಯನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಅದಕ್ಕೆ ಅವರು 'ಫೂಲ' ಅನ್ನುತ್ತಾರೆ, ಹೂ ಎಂದು. ಮೂಲೆಗೆ ಹೂ ಇಲ್ಲದ ಕೌದಿಯನ್ನು ಅವರು ಯಾರಿಗೂ ಹೊದಿಸುವುದಿಲ್ಲ. ಅದು ಬೆತ್ತಲೆ ಎಂದು ಅವರ ಮಾತು.